ಥಂಡಿ ಊರಿಗೆ ಬಿಸಿ ಪ್ಲಗ್ ಬ್ಯಾಡ್ರಿ

ನಮ್ಮ ವೈನಿಗೋಳು, ಕಾಕುಗೋಳು ಫೋನ್ ಮಾಡಿದಾಗೊಮ್ಮೆ "ಆ ಹಿಮದ ಗಾಡಿ ಇನ್ನೂ ಇಟ್ಟೀರೇನ?" ಅಂತ ಕೇಳೇ ಕೇಳ್ತಾರ. ಇಟ್ಟೀವ್ರಿ. ಮಿನೆಸೋಟಾದ ಉತ್ತರಕ್ಕ ಸ್ನೋಮೊಬೈಲ್ ಅಂದ್ರ ನಮ್ಮ ಕಡೆ ಹಳ್ಳ್ಯಾಗ ಟ್ರ್ಯಾಕ್ಟರ್ ಇದ್ದಂಗ. ಪೋಲಾರಿಸ್ ಕಂಪನಿ 1954ರಾಗ ಹುಟ್ಟಿದ್ದೂ ಇದೇ ರಾಜ್ಯದ ರೋಸೋ ಅನ್ನೋ ಊರಾಗ. ನಮ್ಮ ಮನ್ಯಾಗಿರೋದು ಹಳೇ ಟೂ-ಸ್ಟ್ರೋಕ್ ಗಾಡಿ. ಎರಡು ಸಿಲಿಂಡರ್, ಎರಡು ಸ್ಪಾರ್ಕ್ ಪ್ಲಗ್.

ನಮ್ಮನಿಯವರು ಮಗನ್ನ ಹಿಂದ ಕೂಡಿಸ್ಕೊಂಡು ಹೆಪ್ಪುಗಟ್ಟಿದ ಕೆರಿ ದಾಟಿ ಗೆಳ್ಯಾರ ಮನಿಗೆ ಹೋಗ್ತಾರ. ಸೊನ್ನೆಗಿಂತ 25 ಡಿಗ್ರಿ ಕೆಳಗಿದ್ದ ದಿನಾ ನಡು ಬರ್ಫದ ಮ್ಯಾಲೆ ಗಾಡಿ ನಿಂತ್ರ, ಕೂಸಿನ್ನ ಕರ್ಕೊಂಡು ನಡ್ಕೊಂಡ ಬರ್ಬೇಕು. ಅದಕ್ಕ ಆ ಬೆರಳುದ್ದದ ಪ್ಲಗ್ ಆರಿಸೋ ಕೆಲಸ ನಂದು.

ಹೋದ ಚಳಿಗಾಲಕ್ಕ ಅಂಗಡ್ಯಾಗ ಒಬ್ಬಾಂವ "ಇಷ್ಟು ಥಂಡಿ ಅದ, ಒಂದು ನಂಬರ್ ಬಿಸಿ ಪ್ಲಗ್ ಒಯ್ರಿ" ಅಂದ. ಕೇಳಾಕ ಖರೇನ ಅನಸ್ತದ, ಥಂಡಿಗೆ ಸ್ವೆಟರ್ ಹಾಕಿದಂಗ. ನಾ ಒಲ್ಲೆ ಅಂದೆ. ಯಾಕಂತೀರಿ? ಬಿಸಿ ಪ್ಲಗ್ ಅಂದ್ರ ಕಿಡಿ ಜೋರ್ ಅಂತ ಅಲ್ಲ. ತನ್ನ ತುದಿಯ ಶಾಖಾನ ಲಗೂ ಬಿಡೂದಿಲ್ಲ ಅಂತ ಅರ್ಥ. ದಪ್ಪ ಕಬ್ಬಿಣದ ಒಗ್ಗರಣಿ ಸೌಟು ಒಲಿಯಿಂದ ಇಳಿಸಿದ ಮ್ಯಾಲೂ ಸಾಸಿವಿ ಕರ್ರಗ ಮಾಡ್ತದಲ್ಲ, ಹಂಗ. ಥಂಡಿ ಹವಾ ದಟ್ಟ ಇರ್ತದ. ಕಾರ್ಬ್ಯುರೇಟರ್ ಅದಕ್ಕ ತಕ್ಕಂಗ ಪೆಟ್ರೋಲ್ ಕೊಡಲಿಲ್ಲಾಂದ್ರ ಒಳಗಿನ ಉರಿ ಇನ್ನಷ್ಟು ಬಿಸಿ. ಅದರಾಗ ಪ್ಲಗ್ಗಿನ ತುದೀನೂ ಕೆಂಡ ಆದ್ರ ಕಿಡಿಗಿಂತ ಮೊದಲ ಪೆಟ್ರೋಲ್ ಹೊತ್ತಿ, ಪಿಸ್ಟನ್ನಿಗೆ ತೂತ ಬೀಳ್ತದ.

ನಮ್ಮ ಗಾಡಿ ಪುಸ್ತಕದಾಗ ಎನ್‌ಜಿಕೆ ಬಿಆರ್9ಇಎಸ್ ಅಂತ ಅದ. 'ಬಿ' ಅಂದ್ರ 14 ಮಿಲಿಮೀಟರ್ ಮರಿ, 'ಆರ್' ಅಂದ್ರ ರೆಸಿಸ್ಟರ್, 'ಇ' ಅಂದ್ರ 19 ಮಿಲಿಮೀಟರ್ ಉದ್ದದ ಮರಿ. ನಡುವಿನ 9 ಶಾಖದ ನಂಬರ್. ಈ ಕಂಪನಿಯೊಳಗ ನಂಬರ್ ಏರಿದಂಗ ಪ್ಲಗ್ ತಣ್ಣಗ, ಚಾಂಪಿಯನ್ ಒಳಗ ಉಲ್ಟಾ. ಅದಕ್ಕ ಒಂದರ ನಂಬರ್ ಇನ್ನೊಂದಕ್ಕ ಹೊಂದ್ಸಬ್ಯಾಡ್ರಿ. ಉದ್ದದಾಗಂತೂ ಹೆಚ್ಚು-ಕಡಿಮಿ ಮಾಡಲೇಬಾರದು, ಪಿಸ್ಟನ್ನಿಗೇ ಬಡೀತದ. ಹೊಸಾ ಪ್ಲಗ್ ತಂದ ಮ್ಯಾಲೂ ತುದಿಯ ಸಂದು ಅಳೀತೀನಿ. ನಮ್ಮದಕ್ಕ 0.7 ಮಿಲಿಮೀಟರ್.

ಹಳೇ ಪ್ಲಗ್ ಬಿಚ್ಚಿದಾಗ ಡಾಕ್ಟರ್ ನಾಲಿಗಿ ನೋಡಿದಂಗ ಅದರ ತುದಿ ನೋಡ್ಬೇಕು. ಹಾಲು ಹಾಕಿದ ಚಾದ ಬಣ್ಣ ಇದ್ರ ಇಂಜಿನ್ ಆರಾಮ ಅದ. ಕರ್ರಗ, ಹಸಿ ಇದ್ರ ಪೆಟ್ರೋಲ್ ಇಲ್ಲಾ ಆಯಿಲ್ ಜಾಸ್ತಿ. ಬೆಳ್ಳಗ ಸುಟ್ಟಂಗಿದ್ರ ಗಾಡಿ ಹೊರಗ ತೆಗೀಬ್ಯಾಡ್ರಿ, ಮೊದಲ ಕಾರ್ಬ್ಯುರೇಟರ್ ತೋರಸ್ರಿ. ರೋಗ ಅಲ್ಲಿದ್ರ ಪ್ಲಗ್ ನಂಬರ್ ಬದಲ್ಸಿ ಏನು ಉಪಯೋಗ?

ಈಗ ಸೀಟಿನ ಕೆಳಗ ಎರಡು ಹೊಸಾ ಪ್ಲಗ್, ಒಂದು ಪಾನಾ ಖಾಯಂ ಇರ್ತಾವ. ಮಗಗೂ ಬದಲ್ಸೋದು ಕಲಿಸೀನಿ.

ನಿಮ್ಮನಿ ಸ್ಕೂಟರಿಗೂ ಇದ ಮಾತು. ಮೆಕ್ಯಾನಿಕ್ ಹೊಸಾ ಪ್ಲಗ್ ಹಾಕೋಮುಂದ ನಂಬರ್ ಪುಸ್ತಕಕ್ಕ ಕೂಡ್ತದೋ ಇಲ್ಲೋ ಕೇಳ್ರಿ, ಹಳೇದನ್ನ ಕೈಯಾಗ ಹಿಡ್ದು ಬಣ್ಣ ನೋಡ್ರಿ. ಅನ್ನ ಬೆಂದದ್ದು ಒಂದ ಅಗಳಿನಾಗ ಗೊತ್ತು ಹಿಡಿಯೋ ಹೆಣ್ಣಮಕ್ಕಳಿಗೆ ಇದೇನ್ ದೊಡ್ಡದಲ್ಲ.