ಅವ್ವನ ಮಂಚಕ್ಕೊಂದು ತಿರುಪು ಯಂತ್ರ

ಮುಂಬಯಿಯಂಥ ಊರಿನಲ್ಲಿ ಮನೆಗೆ ಸಾಮಾನು ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ ‘ಬೆಲೆ ಎಷ್ಟು?’ ಎಂಬುದಲ್ಲ, ‘ಬಾಗಿಲಲ್ಲಿ ಹಿಡಿಸುತ್ತದೆಯೇ?’ ಎಂಬುದು. ಸರಕಾರಿ ವಸತಿಗೃಹದಲ್ಲಿ ಕಾಲ ಕಳೆಯುವ ನನ್ನಂಥ ಗುಮಾಸ್ತರಿಗೆ ಇನ್ನೊಂದು ಪ್ರಶ್ನೆಯೂ ಉಂಟು: ವರ್ಗವಾದ ದಿನ ಇದನ್ನು ಬಿಚ್ಚಿ, ಇನ್ನೊಂದು ಊರಿನಲ್ಲಿ ಮತ್ತೆ ಜೋಡಿಸಲು ಬರುತ್ತದೆಯೇ? ಈ ಎರಡು ಪ್ರಶ್ನೆಗಳಿಗೂ ಉತ್ತರ ಕೊಡುವ ಮಂಚ ಅಂಗಡಿಯಲ್ಲಿ ಸಿಗದೇ ಹೋದದ್ದರಿಂದ ನಾನು ಬಡಗಿಯಾದೆ.

ಧಾರವಾಡದ ಕಡೆಯ ನಮ್ಮ ಹಳ್ಳಿಯ ಮನೆಗೆ ಬೀಗ ಹಾಕಿ ಅವ್ವ ನಮ್ಮಲ್ಲಿಗೆ ಬಂದು ಈಗ ಒಂದು ವರ್ಷ. ನೆಲದ ಮೇಲಿನ ಹಾಸಿಗೆಯಿಂದ ಏಳಲು ಅವಳ ಮೊಣಕಾಲು ಒಪ್ಪವು. ರಾತ್ರಿ ಎದ್ದರೆ ಯಾರನ್ನೂ ಕರೆಯುವವಳಲ್ಲ. ಗೋಡೆ ಹಿಡಿದು, ಕಪಾಟು ಹಿಡಿದು ತಾನೇ ನಡೆಯುವವಳು. ಅಂಗಡಿಯ ಮಂಚಗಳು ಒಂದೋ ತೀರ ತಗ್ಗು, ಇಲ್ಲವೇ ಕುಳಿತರೆ ಪಾದ ನೆಲಕ್ಕೆ ತಾಗದಷ್ಟು ಎತ್ತರ. ಅವಳನ್ನು ಕುರ್ಚಿಯಲ್ಲಿ ಕೂರಿಸಿ ಮೊಣಕಾಲಿನ ಎತ್ತರ ಅಳೆದೆ: ಹದಿನಾರೂವರೆ ಅಂಗುಲ. ಹಾಸಿಗೆ ಸೇರಿ ಅಷ್ಟೇ ಎತ್ತರ, ಪಕ್ಕಕ್ಕೆ ಕೈಯೂರಿ ಏಳಲು ಒಂದು ಗಟ್ಟಿ ಕಂಬ. ಆ ಕಂಬದ ಬೆಸುಗೆ ಸಡಿಲವಾದರೆ ಬೀಳುವವಳು ಅವ್ವ ಎಂಬುದನ್ನು ಕಾಗದದ ಮೂಲೆಯಲ್ಲಿ ಬರೆದಿಟ್ಟುಕೊಂಡೇ ಲೆಕ್ಕಕ್ಕೆ ಕುಳಿತೆ.

ರೇ ರೋಡಿನ ಕಟ್ಟಿಗೆ ಅಡ್ಡೆಯಿಂದ ಹಳೆಯ ಸಾಗುವಾನಿ ತಂದೆ. ರಂಧ್ರ ಕೊರೆಯಲು ಮನೆಯಲ್ಲಿ ತಂತಿಯ ಡ್ರಿಲ್ ಇತ್ತು. ಆದರೆ ಎಪ್ಪತ್ತೈದು ಮಿಲಿಮೀಟರ್ ಉದ್ದದ ನೂರಾರು ತಿರುಪು ಮೊಳೆಗಳನ್ನು ಕೈಯಿಂದ ತಿರುಗಿಸಲು, ಇಪ್ಪತ್ತು ವರ್ಷ ಕೀಲಿಮಣೆ ಕುಟ್ಟಿದ ನನ್ನ ಮಣಿಕಟ್ಟು ರಜೆ ಅರ್ಜಿ ಹಾಕುತ್ತಿತ್ತು.

‘ರೀ, ಬಡಿಗ್ಯಾರನ್ನ ಕರದರ ಎರಡು ದಿನದಾಗ ಮುಗೀತದ’ ಎಂದಳು ಮನೆಯಾಕೆ. ಅವಳ ಮಾತು ನಿಜವೇ. ಆದರೆ ವರ್ಗವಾದಾಗ ಬಿಚ್ಚಲು ಆ ಬಡಗಿ ನಮ್ಮೊಡನೆ ಬರುವುದಿಲ್ಲವಲ್ಲ!

ಹೀಗೆ ಒಂದು ಶನಿವಾರ ನಾಗದೇವಿ ಬೀದಿಗೆ ಹೋದೆ. ಇಡೀ ಬೀದಿಯೇ ಹತಾರುಗಳ ಜಾತ್ರೆ. ತಂತಿಯಿಲ್ಲದ ಡ್ರಿಲ್ಲನ್ನು ಅಮೆರಿಕದ ಬ್ಲ್ಯಾಕ್ ಆ್ಯಂಡ್ ಡೆಕರ್ ಕಂಪನಿ 1961ರಲ್ಲೇ ಮಾರುಕಟ್ಟೆಗೆ ತಂದಿತ್ತು. ಆಗಿನದು ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿ. 1991ರಲ್ಲಿ ಸೋನಿ ಕಂಪನಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರಾಟಕ್ಕೆ ತಂದಿತು. ಮುಂದೆ ಹತಾರುಗಳಿಗೂ ಅದೇ ಬಂದು ಭಾರ ಇಳಿಯಿತು, ಬಲ ಏರಿತು. ಈಗ ಅಂಗಡಿಯಲ್ಲಿ ಎರಡು ಬಗೆ ಕಾಣುತ್ತವೆ: ಡ್ರಿಲ್ ಡ್ರೈವರ್ ಮತ್ತು ಇಂಪ್ಯಾಕ್ಟ್ ಡ್ರೈವರ್. ನೋಡಲು ಅಣ್ಣತಮ್ಮಂದಿರು, ಸ್ವಭಾವ ಬೇರೆ.

ಡ್ರಿಲ್ ಡ್ರೈವರ್ ಒಂದೇ ಸಮನೆ ತಿರುಗಿಸುತ್ತದೆ. ಅದರ ಕೊರಳಲ್ಲಿ ಅಂಕಿಗಳಿರುವ ಬಳೆಯೊಂದಿದೆ. ಗೊತ್ತುಮಾಡಿದಷ್ಟು ಬಿಗಿಯಾದೊಡನೆ ಕಟಕಟ ಎಂದು ಜಾರಿ ನಿಂತುಬಿಡುತ್ತದೆ. ಇಂಪ್ಯಾಕ್ಟ್ ಡ್ರೈವರಿನ ಹೊಟ್ಟೆಯಲ್ಲಿ ಒಂದು ಸ್ಪ್ರಿಂಗು, ಒಂದು ಸುತ್ತಿಗೆ, ಒಂದು ಅಡಿಗಲ್ಲು. ಮೊಳೆ ಸುಲಭವಾಗಿ ಹೋಗುವಷ್ಟು ಹೊತ್ತು ಎಲ್ಲ ಒಟ್ಟಿಗೆ ತಿರುಗುತ್ತವೆ. ಮರ ತಡೆದಾಗ ಸುತ್ತಿಗೆ ಸ್ಪ್ರಿಂಗನ್ನು ಒತ್ತಿ ಹಿಂದೆ ಸರಿದು, ಬಿಡುಗಡೆಯಾಗಿ, ತಿರುಗುವ ದಿಕ್ಕಿನಲ್ಲೇ ಅಡಿಗಲ್ಲಿಗೆ ಬಡಿಯುತ್ತದೆ. ನಿಮಿಷಕ್ಕೆ ಮೂರು ಸಾವಿರ ಪೆಟ್ಟು ಇಂಥ ಯಂತ್ರಗಳಿಗೆ ಸಾಮಾನ್ಯ. ಪ್ರತಿ ಪೆಟ್ಟೂ ಕ್ಷಣಾರ್ಧದ್ದಾದುದರಿಂದ ಅದರ ತಿರುಚು ನಮ್ಮ ಕೈಗೆ ಅಷ್ಟಾಗಿ ಬರುವುದಿಲ್ಲ. ಬಲವಾದ ಡ್ರಿಲ್ ಡ್ರೈವರಾದರೋ, ಮೊಳೆ ಸಿಕ್ಕಿಕೊಂಡರೆ ಮಣಿಕಟ್ಟನ್ನೇ ತಿರುಚುತ್ತದೆ. ಕೊರೆಯಲು ಬೇರೆ ಡ್ರಿಲ್ ಇದ್ದು, ಮಣಿಕಟ್ಟು ಮೆದುವಾಗಿರುವ ನನಗೆ ಇಂಪ್ಯಾಕ್ಟೇ ಸರಿ. ಮನೆಯಲ್ಲಿ ಯಾವ ಯಂತ್ರವೂ ಇಲ್ಲದವರು ಮಾತ್ರ ಮೊದಲು ಡ್ರಿಲ್ ಡ್ರೈವರ್ ಕೊಳ್ಳುವುದು ಮೇಲು. ಅದು ಕೊರೆಯುವುದಕ್ಕೂ ತಿರುಪುವುದಕ್ಕೂ ಆದೀತು.

ಇನ್ನು ವೋಲ್ಟಿನ ಮಾತು. ಒಂದು ಪೆಟ್ಟಿಗೆಯ ಮೇಲೆ 18, ಇನ್ನೊಂದರ ಮೇಲೆ 20, ಮತ್ತೊಂದರ ಮೇಲೆ 21! ಬಿ.ಎಸ್‌ಸಿ. ಓದಿದ್ದು ಇಂಥ ದಿನಕ್ಕಾದರೂ ಉಪಯೋಗಕ್ಕೆ ಬಂತು. ಒಂದು ಲಿಥಿಯಂ ಕೋಶದ ಸರಾಸರಿ ಒತ್ತಡ 3.6 ವೋಲ್ಟ್, ಪೂರ್ತಿ ತುಂಬಿದಾಗ 4.2. ಐದು ಕೋಶಗಳಿಗೆ ಸರಾಸರಿ 18, ತುಂಬಿದಾಗ 21. ಅಂದರೆ ಮೂರು ಹೆಸರಿನ ಒಂದೇ ದೇವರು. ‘12 ವೋಲ್ಟ್’ ಎಂಬುದು ಮೂರು ಕೋಶಗಳ 10.8. ಆದರೆ ಅಂಗೈಯಗಲದ ಬ್ಯಾಟರಿಯ ಮೇಲೆ ‘48’ ಎಂದು ಬರೆದ ಅಗ್ಗದ ಯಂತ್ರವೂ ಅಲ್ಲಿತ್ತು. 48 ಬೇಕಾದರೆ ಹದಿಮೂರು ಕೋಶಗಳಾದರೂ ಬೇಕು. ಒಂದೊಂದು ಸುಮಾರು 45 ಗ್ರಾಂ ಎಂದರೂ ಹತ್ತಿರ ಹತ್ತಿರ 600 ಗ್ರಾಂ. ಕೈಯಲ್ಲಿ ತೂಗಿ ನೋಡಿದೆ. ಅದರ ಅರ್ಧವೂ ಇರಲಿಲ್ಲ. ಸಂಖ್ಯೆ ಸುಳ್ಳಾಡಿದರೂ ತೂಕ ಸುಳ್ಳಾಡದು.

ಆಂಪಿಯರ್-ಗಂಟೆಯನ್ನು ವೋಲ್ಟಿನಿಂದ ಗುಣಿಸಿದರೆ ಬ್ಯಾಟರಿಯ ಹೊಟ್ಟೆ ತಿಳಿಯುತ್ತದೆ. 18 ವೋಲ್ಟಿನ 5 ಆಂಪಿಯರಿನದು 90 ವಾಟ್-ಗಂಟೆ, 10.8 ವೋಲ್ಟಿನ 2 ಆಂಪಿಯರಿನದು 21.6. ದಿನವಿಡೀ ದುಡಿಯುವ ಬಡಗಿಗೆ ಮೊದಲನೆಯದೇ ಬೇಕು. ಭಾನುವಾರದ ಬಡಗಿಗೆ ಎರಡನೆಯದು ಸಾಕು, ಎರಡು ಬ್ಯಾಟರಿ ಇದ್ದರೆ: ಒಂದು ದುಡಿಯುವಾಗ ಇನ್ನೊಂದು ಉಣ್ಣುತ್ತಿರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಹಿರಿಯರ ಮಾತು ಮಂಚ ಮಾಡುವವನಿಗೂ ಸಲ್ಲುತ್ತದೆ. ಅದೂ ಅಲ್ಲದೆ ಒಂದು ಕಂಪನಿಯ ಬ್ಯಾಟರಿ ಇನ್ನೊಂದಕ್ಕೆ ಸಾಮಾನ್ಯವಾಗಿ ಕೂಡುವುದಿಲ್ಲ. ಯಂತ್ರ ಆರಿಸುವುದೆಂದರೆ ಒಂದು ಮನೆತನದೊಡನೆ ಬೀಗತನ ಮಾಡಿದಂತೆಯೇ. ರಿಪೇರಿ ಅಂಗಡಿ ಊರಿನಲ್ಲಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು.

ಕೊನೆಗೆ ತಂದದ್ದು 12 ವೋಲ್ಟಿನ, ಬ್ರಶ್ ಇಲ್ಲದ ಮೋಟಾರಿನ ಪುಟ್ಟ ಯಂತ್ರ. ಅದರ ತಿರುಚು ಬಲ ಸುಮಾರು 100 ನ್ಯೂಟನ್-ಮೀಟರ್. ಮೀಟರ್ ಉದ್ದದ ಸಲಾಕೆಯ ತುದಿಗೆ ಹತ್ತು ಕಿಲೋ ತೂಗುಹಾಕಿದಷ್ಟು. ಇದು ಉಪಕಾರಿಯೂ ಹೌದು, ಅಪಾಯವೂ ಹೌದು. ಸಾಕು ಎಂದು ತಾನೇ ನಿಲ್ಲುವ ಬಳೆ ಇದಕ್ಕಿಲ್ಲ. ಒಂದು ಕ್ಷಣ ಹೆಚ್ಚು ಒತ್ತಿದರೆ ಮೊಳೆಯ ತಲೆ ಮುರಿದೀತು, ಇಲ್ಲವೇ ಮರದೊಳಗಿನ ಎಳೆ ಕಿತ್ತು ಹಿಡಿತವೇ ಹೋದೀತು. ಆದುದರಿಂದ 5 ಮಿಲಿಮೀಟರ್ ಮೊಳೆಗೆ ಒಳಗಿನ ಮರದಲ್ಲಿ 3 ಮಿಲಿಮೀಟರ್ ರಂಧ್ರ, ಮೇಲಿನ ಹಲಗೆಯಲ್ಲಿ 5 ಮಿಲಿಮೀಟರ್ ರಂಧ್ರ ಮೊದಲೇ ಕೊರೆದೆ. ಪೆಟ್ಟು ತಡೆಯುವ ಇಂಪ್ಯಾಕ್ಟ್ ಬಿಟ್ಟುಗಳನ್ನೇ ಹಾಕಿದೆ. ಅವ್ವ ಹಿಡಿದು ಏಳುವ ಕಂಬಕ್ಕೆ ಮೊಳೆ ಬಿಟ್ಟು ಬೋಲ್ಟು ಬಳಸಿದೆ. ಬಿಚ್ಚಿ ಜೋಡಿಸಲು ಬರುವುದೂ ಅದೇ.

ಸದ್ದಿನ ವಿಷಯವನ್ನೂ ಹೇಳಬೇಕು. ಮುಚ್ಚಿದ ಕೋಣೆಯಲ್ಲಿ ಇದರ ಗದ್ದಲಕ್ಕೆ ಕಿವಿಮುಚ್ಚುಗ ಅವಶ್ಯ. ಪಕ್ಕದ ಮನೆಯವರು ರಾತ್ರಿ ಪಾಳಿ ಮುಗಿಸಿ ಮಲಗುವವರಾದ್ದರಿಂದ ಅವರನ್ನೇ ಕೇಳಿ, ಭಾನುವಾರ ಸಂಜೆ ನಾಲ್ಕರಿಂದ ಆರು ಎಂದು ಗೊತ್ತುಮಾಡಿಕೊಂಡೆ. ನಾಲ್ಕು ಭಾನುವಾರಗಳಲ್ಲಿ ಮಂಚ ನಿಂತಿತು.

ಅವ್ವ ಯಂತ್ರವನ್ನು ಕೈಯಲ್ಲಿ ಹಿಡಿದು, ‘ಇದು ಬೈರಿಗಿ ಅಲ್ಲೇನೋ ತಮ್ಮಾ? ಹಗ್ಗ ಎಲ್ಲೈತಿ?’ ಎಂದಳು. ಊರ ಬಡಿಗೇರ ಅಜ್ಜ ಹಗ್ಗ ಎಳೆದು ಬೈರಿಗೆ ತಿರುಗಿಸುವುದನ್ನು ನೋಡಿದವಳು ಅವಳು. ನಾನು ಕಂಬದ ಬೋಲ್ಟುಗಳ ಕೊನೆಯ ಸುತ್ತನ್ನು ಪಾನಾ ಹಿಡಿದು ಕೈಯಿಂದಲೇ ಬಿಗಿಮಾಡುತ್ತಿದ್ದೆ. ‘ಯಂತ್ರ ತಂದೀದಿ, ಮತ್ತ ಕೈಲೆ ಯಾಕ?’ ಎಂದು ಕೇಳಿದಳು.

ಮರ ಎಷ್ಟು ಬಿಗಿಯನ್ನು ತಾಳುತ್ತದೆಂಬುದು ಯಂತ್ರಕ್ಕೆ ಗೊತ್ತಾಗುವುದಿಲ್ಲ, ಕೈಗೆ ಗೊತ್ತಾಗುತ್ತದೆ ಎಂದೆ. ಮಾರನೆಯ ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ಅವಳ ಹೆಜ್ಜೆಯ ಸದ್ದು ಕೇಳಿಸಿತು. ಕಂಬ ಕಿರುಗುಟ್ಟಲಿಲ್ಲ.