ಮಾದಾಪುರದಿಂದ ಹಾರಂಗಿಗೆ

ಹಿಮಾಲಯದ ಕೆರೆಗಳ ವಿಷಯವನ್ನು ಶಾಲೆಯ ಪುಸ್ತಕದಲ್ಲಿ ಓದಿಬಂದ ನಮ್ಮ ಮನೆಯ ಬಾಲಕನು ಒಂದು ಸಂಜೆ, “ಕೊಡಗಿನಲ್ಲಿಯೂ ಹಿಮದಿಂದಾದ ಕೆರೆ ಇದೆಯೆ?” ಎಂದು ಕೇಳಿದನು. ಇಲ್ಲವೆಂದು ಹೇಳಿ ಮುಗಿಸಬಹುದಾಗಿತ್ತು. ಆದರೆ ಮಕ್ಕಳ ಪ್ರಶ್ನೆಗೆ ‘ಇಲ್ಲ’ ಎಂಬ ಒಂದೇ ಮಾತಿನ ಉತ್ತರವು ಸಾಲದು. ಮರುವಾರವೇ ಮಾದಾಪುರಕ್ಕೆ ಹೋಗಿ, ಅಲ್ಲಿನ ಹೊಳೆಯು ಎಲ್ಲಿ ಸೇರುವುದೋ ಆ ನೀರನ್ನು ಅವನಿಗೆ ತೋರಿಸುವುದೆಂದು ನಿಶ್ಚಯಿಸಿದೆವು. ಮಾದಾಪುರದ ಸಮೀಪದ ಜಂಬೂರಿನಲ್ಲಿ ನಮ್ಮ ಸೋದರತ್ತೆಯವರು ಇರುವುದರಿಂದ, ಅವರನ್ನು ಕಾಣುವ ಪುಣ್ಯವೂ ಇದರೊಡನೆ ಕೂಡಿಬಂದಿತು.

ಮಡಿಕೇರಿಯಿಂದ ಸೋಮವಾರಪೇಟೆಗೆ ಹೋಗುವ ದಾರಿಯಲ್ಲಿ ಮಾದಾಪುರವಿರುವುದು. ನಾವು ಹೋದುದು ಮಾರ್ಚಿ ತಿಂಗಳಲ್ಲಿ. ಹೂಮಳೆ ಬಿದ್ದು ಎಂಟು ದಿನಗಳಾಗಿದ್ದುದರಿಂದ ದಾರಿಯ ಎರಡು ಕಡೆಯ ಕಾಫಿಯ ತೋಟಗಳು ಮಲ್ಲಿಗೆಯನ್ನು ಸುರಿದಂತೆ ಬೆಳ್ಳಗಾಗಿದ್ದುವು. ಬಸ್ಸಿನೊಳಗೆಲ್ಲ ಅದರ ಪರಿಮಳವೇ ತುಂಬಿತ್ತು. ದೂರದಲ್ಲಿ ಕೋಟೆಯ ಗೋಡೆಯಂತೆ ನಿಂತ ಕೋಟೆಬೆಟ್ಟವನ್ನು ಕಂಡಾಗ, ಅದಕ್ಕೆ ಆ ಹೆಸರು ಏಕೆ ಬಂದಿತೆಂದು ಯಾರೂ ವಿವರಿಸಬೇಕಾಗಲಿಲ್ಲ. ಆದರೆ ಹಸುರಿನ ನಡುನಡುವೆ ಬೆಟ್ಟದ ಮೈಯಲ್ಲಿ ಉದ್ದುದ್ದನೆಯ ಬೋಳು ಪಟ್ಟೆಗಳು ಕಾಣುತ್ತಿದ್ದುವು. ಹುಲ್ಲೂ ಪೊದೆಯೂ ಅವನ್ನು ಅರೆಬರೆಯಾಗಿ ಮುಚ್ಚಿದ್ದುವು. ಅವು 2018ನೆಯ ಇಸವಿಯ ಗಾಯಗಳು.

ಆ ವರ್ಷದ ಆಗಸ್ಟ್ ತಿಂಗಳ ನಡುವಿನಲ್ಲಿ, ದಿನಗಟ್ಟಲೆ ಬಿಡದೆ ಸುರಿದ ಮಳೆಗೆ ಈ ಸೀಮೆಯ ಬೆಟ್ಟಗಳು ಹತ್ತಾರು ಕಡೆಗಳಲ್ಲಿ ಜರಿದು ಬಿದ್ದುವು. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆಗಳ ಕಡೆಯಲ್ಲಿ ಮನೆಗಳೂ ಗದ್ದೆಗಳೂ ತೋಟಗಳೂ ಮಣ್ಣಿನಡಿಗೆ ಸೇರಿದುವು, ರಸ್ತೆಗಳು ಕಡಿದುಹೋದುವು, ಪ್ರಾಣಹಾನಿಯೂ ಆಯಿತು. ನಮ್ಮ ಅತ್ತೆಯವರು ಉಟ್ಟ ಸೀರೆಯಲ್ಲಿಯೇ ಮನೆಯನ್ನು ಬಿಟ್ಟು ಹೊರಟವರು. ಮನೆ ಕಳೆದುಕೊಂಡವರಿಗಾಗಿ ಜಂಬೂರಿನಲ್ಲಿ ಕಟ್ಟಿದ ಮನೆಗಳಲ್ಲೊಂದು 2020ರಲ್ಲಿ ಅವರ ಪಾಲಿಗೆ ಬಂದಿತು. ಈಗ ಅದರ ಮುಂದೆ ಒಂದು ತುಳಸಿಯ ಕಟ್ಟೆಯೂ ನಾಲ್ಕು ಕಿತ್ತಳೆಯ ಗಿಡಗಳೂ ಇರುವುವು.

“ಹಾರಂಗಿಗೆ ಹೋಗುತ್ತೇವೆ, ನೀವೂ ಬನ್ನಿ ಅತ್ತೆ” ಎಂದೆವು.

“ಇಷ್ಟು ವರ್ಷ ಇಲ್ಲಿಯೇ ಇದ್ದೂ ನಾನು ಆ ಕಟ್ಟೆಯನ್ನು ನೋಡಿದವಳಲ್ಲ. ಬರುತ್ತೇನೆ” ಎಂದರು.

ಸುಂಟಿಕೊಪ್ಪದ ಮೇಲೆ ಕುಶಾಲನಗರಕ್ಕೆ ಇಳಿದು, ಅಲ್ಲಿಂದ ಹಾರಂಗಿಯ ದಾರಿ ಹಿಡಿದೆವು. ದಾರಿಯಲ್ಲಿ ಬಾಲಕನ ಪ್ರಶ್ನೆಗೆ ಉತ್ತರವೂ ಆಯಿತು. ನಮ್ಮ ಜಿಲ್ಲೆಯ ಅತ್ಯುನ್ನತ ಶಿಖರವಾದ ತಡಿಯಂಡಮೋಳು 1748 ಮೀಟರ್ ಎತ್ತರವುಳ್ಳದ್ದು. ವಿಷುವದ್ರೇಖೆಗೆ ಹನ್ನೆರಡು ಡಿಗ್ರಿಗಳಷ್ಟೇ ಉತ್ತರಕ್ಕಿರುವ ನಾಡಿನಲ್ಲಿ ಇಷ್ಟು ಎತ್ತರಕ್ಕೆ ಹಿಮವು ನಿಲ್ಲಲಾರದು. ಹಿಮಾಲಯದಲ್ಲಾದರೋ ಹಿಮನದಿಯು ಸಾವಿರಾರು ವರ್ಷ ಮೆಲ್ಲಮೆಲ್ಲನೆ ಜಾರುತ್ತ ಬಂಡೆಯನ್ನು ಉಜ್ಜಿ ಹಳ್ಳ ಮಾಡುವುದು. ತಾನು ಹೊತ್ತು ತಂದ ಕಲ್ಲುಮಣ್ಣನ್ನು ಮುಂದೆ ದಿಣ್ಣೆಯಾಗಿ ಒಟ್ಟುವುದು. ಹಿಮವು ಕರಗಿ ಹಿಂದೆ ಸರಿದಾಗ, ಆ ಹಳ್ಳದಲ್ಲಿ, ಆ ದಿಣ್ಣೆಯ ಹಿಂದೆ ನೀರು ನಿಂತು ಕೆರೆಯಾಗುವುದು. ಅಲ್ಲಿ ಕೆರೆಯ ಏರಿಯನ್ನು ಕಟ್ಟಿದವನು ಯಾವ ಒಡ್ಡನೂ ಅಲ್ಲ, ಹಿಮವೇ.

ಹಾರಂಗಿಯ ಏರಿಯನ್ನು ಕಟ್ಟಿದವರು ಮನುಷ್ಯರು. ಪುಷ್ಪಗಿರಿಯ ಸೀಮೆಯ ಮಳೆನೀರನ್ನು ತರುವ ಹಾರಂಗಿ ನದಿಗೆ ಹಟ್ಟಿಹೊಳೆ, ಮಾದಾಪುರ ಹೊಳೆಗಳ ನೀರೂ ಕೂಡುವುದು; ಮುಂದೆ ಅದು ಕೂಡಿಗೆಯ ಬಳಿಯಲ್ಲಿ ಕಾವೇರಿಯನ್ನು ಸೇರುವುದು. ಹುದುಗೂರಿನ ಹತ್ತಿರ ಈ ನದಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು 1982ರಲ್ಲಿ ಪೂರ್ತಿಯಾಯಿತು. ಅದರ ಉದ್ದ 846 ಮೀಟರ್, ಎತ್ತರ 47 ಮೀಟರ್. ತುಂಬಿದಾಗ ನೀರಿನ ಮಟ್ಟವು ಸಮುದ್ರಕ್ಕಿಂತ 2859 ಅಡಿ ಮೇಲಿರುವುದು. ಆಗ ಹಿಡಿಯುವ ನೀರು ಎಂಟೂವರೆ ಟಿ.ಎಂ.ಸಿ., ಎಂದರೆ 850 ಕೋಟಿ ಘನ ಅಡಿಗಳು. ಕೊಡಗಿಗೆ ಮಾತ್ರವಲ್ಲದೆ ಮೈಸೂರು, ಹಾಸನ ಜಿಲ್ಲೆಗಳ ಗದ್ದೆಗಳಿಗೂ ಈ ನೀರೇ ಆಧಾರ.

ಅಣೆಕಟ್ಟಿನ ಕಡೆಯ ಉದ್ಯಾನವೂ ಅರಣ್ಯ ಇಲಾಖೆಯವರ ಆನೆಯ ಶಿಬಿರವೂ ಮಕ್ಕಳಿಗೆ ಪರಮಾನಂದವನ್ನುಂಟುಮಾಡತಕ್ಕವು. ಬಾಲಕನು ಆನೆಯ ಮುಂದಿನಿಂದ ಕದಲಲೊಲ್ಲನು! ಅವನನ್ನು ಎಬ್ಬಿಸಿಕೊಂಡು ಹಿನ್ನೀರಿನ ಅಂಚಿಗೆ ಬಂದಾಗ ಬಿಸಿಲು ಇಳಿದಿತ್ತು. ನೀರಿನ ನಡುವೆ ನಿಂತ ಒಣಮರದ ಮೇಲೆ ನೀರುಕಾಗೆಗಳು ರೆಕ್ಕೆಯನ್ನು ಹರವಿ ಆರಿಸಿಕೊಳ್ಳುತ್ತಿದ್ದುವು. ಬೆಳ್ಳಕ್ಕಿಗಳು ಕೆಸರಿನಲ್ಲಿ ಹೆಜ್ಜೆಯೆಣಿಸುತ್ತಿದ್ದುವು. ಒಂದು ಮಿಂಚುಳ್ಳಿ ಬಾಣದಂತೆ ಎರಗಿ ಮೀನನ್ನೆತ್ತಿತು. ತಿಂಡಿಯ ಗಂಟನ್ನು ಬಿಚ್ಚಿ ಎಲ್ಲರೂ ಕಡುಬನ್ನು ತಿಂದೆವು.

ಕೆರೆಗೂ ಜಲಾಶಯಕ್ಕೂ ಇರುವ ಭೇದವು ಇಲ್ಲಿಯೇ ತಿಳಿಯುವುದು. ಕೆರೆಯ ಅಂಚಿನಲ್ಲಿ ಜೊಂಡು ಬೆಳೆಯುವುದು, ಮೀನು ಮರಿ ಮಾಡುವುದು. ಜಲಾಶಯದ ನೀರು ಮಳೆಗಾಲದಲ್ಲಿ ಏರಿ ಬೇಸಗೆಯಲ್ಲಿ ಬಹುದೂರ ಇಳಿಯುವುದರಿಂದ, ಅಂಚಿನಲ್ಲಿ ಬೋಳು ನೆಲವೇ ಹೆಚ್ಚು. ಕಾವೇರಿಯ ಹೆಮ್ಮೆಯ ಮೀನಾದ ಮಹಶೀರಿಗೂ ಇದರಿಂದ ಕಷ್ಟವೇ. ಅದು ಮಳೆಗಾಲದ ಹೊಸನೀರಿನಲ್ಲಿ ಮೇಲಕ್ಕೆ ಈಜಿ, ತಿಳಿಯಾಗಿ ಹರಿಯುವ ಹೊಳೆಯ ಬೆಣಚುಗಲ್ಲುಗಳ ಸಂದಿನಲ್ಲಿ ಮೊಟ್ಟೆಯಿಡತಕ್ಕ ಮೀನು. ಅಣೆಕಟ್ಟು ದಾರಿಯನ್ನು ತಡೆದರೆ, ಹೂಳು ಕಲ್ಲುಗಳನ್ನು ಮುಚ್ಚಿದರೆ, ಅದಕ್ಕೆ ತೌರುಮನೆಯೇ ಇಲ್ಲದಂತಾಗುವುದು. ಮೀನುಗಾರಿಕೆಯ ಇಲಾಖೆಯವರು ಹಾರಂಗಿಯಲ್ಲಿಯೇ ಮಹಶೀರಿನ ಮರಿಗಳನ್ನು ಬೆಳೆಸುವ ಕೇಂದ್ರವನ್ನಿಟ್ಟಿರುವುದು ಸಮಾಧಾನದ ಸಂಗತಿ.

ಅಷ್ಟರಲ್ಲಿ ಅತ್ತೆಯವರು ನೀರಿಳಿದ ಅಂಚಿನಲ್ಲಿ ಕುಳಿತು ಒಂದು ಹಿಡಿ ಮಣ್ಣನ್ನು ಕೈಗೆತ್ತಿಕೊಂಡಿದ್ದರು. ಅದು ನುಣ್ಣಗಿತ್ತು, ಕೆಂಪಾಗಿತ್ತು.

“ನಮ್ಮ ಗದ್ದೆಯ ಮಣ್ಣೂ ಹೊಳೆಯಲ್ಲಿ ಬಂದು ಇಲ್ಲಿಯೇ ನಿಂತಿರಬೇಕು, ಅಲ್ಲವೇನಪ್ಪಾ?” ಎಂದರು.

ನಮಗೆ ಬಾಯಿ ಬರಲಿಲ್ಲ. ಅವರ ಮಾತು ಕಲ್ಪನೆಯಲ್ಲ. 2018ರಲ್ಲಿ ಜರಿದ ಬೆಟ್ಟಗಳ ಮಣ್ಣು ಹೊಳೆಗಳ ಮೂಲಕ ಹರಿದುಬಂದು ಈ ಜಲಾಶಯದಲ್ಲಿ ಹೇರಳವಾಗಿ ಹೂಳಾಗಿ ನಿಂತಿತು. ಹೂಳು ಹಿಡಿದಷ್ಟು ಜಾಗದಲ್ಲಿ ನೀರು ನಿಲ್ಲಲಾರದು. ಬೆಟ್ಟದ ಮೇಲೆ ಒಬ್ಬರು ಕಳೆದುಕೊಂಡುದು ಬಯಲಿನಲ್ಲಿ ಮತ್ತೊಬ್ಬರಿಗೆ ನಷ್ಟವಾಗಿ ಪರಿಣಮಿಸುವುದು. ಹಿಮಾಲಯದಲ್ಲಿಯೂ ನ್ಯಾಯವು ಇದೇ. 2023ರ ಅಕ್ಟೋಬರ್ ಮೊದಲ ವಾರದಲ್ಲಿ ಸಿಕ್ಕಿಮಿನ ದಕ್ಷಿಣ ಲ್ಹೋನಕ್ ಎಂಬ ಹಿಮದ ಕೆರೆಗೆ ಅದರ ಪಕ್ಕದ ದಿಣ್ಣೆಯು ಜರಿದು ಬಿದ್ದು, ನೀರು ಉಕ್ಕಿ ಏರಿಯೊಡೆದು, ತೀಸ್ತಾ ನದಿಯು ಕೆಳಗಿದ್ದ ದೊಡ್ಡ ಅಣೆಕಟ್ಟೊಂದನ್ನು ಕೊಚ್ಚಿಕೊಂಡು ಹೋಯಿತು. ಇದನ್ನು ಕೇಳಿದ ಬಾಲಕನು, “ಹಾಗಾದರೆ ಕೆರೆಯನ್ನು ಕಾಯುವುದೆಂದರೆ ಬೆಟ್ಟವನ್ನು ಕಾಯುವುದೇ?” ಎಂದನು. ಪುಸ್ತಕದಲ್ಲಿ ಇಲ್ಲದ ಪಾಠವು ಅವನಿಗೆ ತಾನಾಗಿಯೇ ಹೊಳೆದಿತ್ತು.

ಮಳೆಯನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಆದರೆ ಕೊಡಗಿನ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು, ಅತಿವೃಷ್ಟಿಯೊಂದಿಗೆ, ಮನೆಗೂ ರಸ್ತೆಗೂ ಇಳಿಜಾರನ್ನು ಗೋಡೆಯಂತೆ ನೇರವಾಗಿ ಕಡಿದುದೂ ಒಂದು ಕಾರಣವೆಂದು ಹೇಳಿರುವರು. ಬೆಟ್ಟದ ಕಾಲನ್ನು ಕಡಿದರೆ ಅದು ನಿಲ್ಲುವುದು ಹೇಗೆ? ಕೊಡಗಿನ ಸೊಬಗನ್ನು ನೋಡಲು ಬರುವ ನಮ್ಮಂಥವರಿಗಾಗಿಯೇ ಇಂಥ ಕಡಿತಗಳಲ್ಲಿ ಕೆಲವು ನಡೆಯುವುವೆಂಬುದನ್ನು ಮರೆಯಲಾಗದು.

ಹಾರಂಗಿಗೆ ಹೋಗತಕ್ಕ ವಾಚಕರು ನವಂಬರಿನಿಂದ ಮಾರ್ಚಿಯವರೆಗಿನ ಕಾಲದಲ್ಲಿ ಹೋಗುವುದು ಒಳ್ಳೆಯದು. ನೀರು ನೋಡಲು ಶಾಂತವಾದರೂ ತಳವು ಕೆಸರು, ಆಳವು ಒಮ್ಮೆಲೇ ಬರುವುದು, ಮಕ್ಕಳನ್ನು ನೀರಿಗಿಳಿಸಬಾರದು. ತಿಂಡಿಯ ಎಲೆ, ಕಾಗದ, ಸೀಸೆಗಳನ್ನು ಮರಳಿ ಮನೆಗೇ ತರಬೇಕು.

ಹೊರಡುವಾಗ ಅತ್ತೆಯವರು ಆ ಮಣ್ಣನ್ನು ಸೆರಗಿನ ತುದಿಗೆ ಕಟ್ಟಿಕೊಂಡರು. ಏತಕ್ಕೆಂದು ನಾವು ಕೇಳಲಿಲ್ಲ. ಜಂಬೂರಿಗೆ ತಲಪಿದಾಗ ದೀಪ ಹಚ್ಚುವ ಹೊತ್ತು. ಅವರು ಕೈಕಾಲು ತೊಳೆದು, ಸೆರಗಿನ ಗಂಟನ್ನು ಬಿಚ್ಚಿ, ಆ ಮಣ್ಣನ್ನು ತುಳಸಿಯ ಬುಡಕ್ಕೆ ಹಾಕಿ, ಒಂದು ಚೊಂಬು ನೀರೆರೆದರು.