ಚಾಪೆಯೊಳಗಿನ ಗಾಳಿ

ಮನೆಗೆ ಬಂದವರಿಗೆ ಮೊದಲು ಚಾಪೆ, ಆಮೇಲೆ ಬೆಲ್ಲ ಮತ್ತು ನೀರು, ಮಾತುಕತೆಯೇನಿದ್ದರೂ ಅದರ ನಂತರ. ಕಾಸರಗೋಡಿನ ಹಳೆಯ ಮನೆಗಳಲ್ಲಿ ಇದೊಂದು ಕ್ರಮವಾಗಿತ್ತು. ಜಗಲಿಯ ಮೂಲೆಯಲ್ಲಿ ಸುತ್ತಿ ನಿಲ್ಲಿಸಿದ ಚಾಪೆಯನ್ನು ಕೊಡವಿ ಹಾಸುವ ಸದ್ದೇ ಅತಿಥಿಗೆ ಸ್ವಾಗತವೆನಿಸುತ್ತಿತ್ತು. ಆ ಚಾಪೆ ತೋಡಿನ ಬದಿಯಲ್ಲಿ ಬೆಳೆಯುವ ಮುಂಡೇವಿನ ಓಲೆಯದು. ಓಲೆಯ ಅಂಚಿನ ಮುಳ್ಳುಗಳನ್ನು ತೆಗೆದು, ಬಾಡಿಸಿ, ಒಣಗಿಸಿ, ಒಂದೇ ಅಗಲದ ಎಳೆಗಳಾಗಿ ಸೀಳಿ, ನೆಲದ ಮೇಲೆ ಕುಳಿತು ಹೆಣೆಯಬೇಕು. ಹೆಣೆಯುವ ಅಜ್ಜಿಯಂದಿರ ಬಳಿ ಅಳತೆಪಟ್ಟಿ ಇರಲಿಲ್ಲ. ಗೇಣು ಮತ್ತು ಮೊಳಗಳೇ ಅವರ ಅಳತೆ.

ಹೆಣೆದ ಚಾಪೆಗೆ ಒಂದು ಗುಣವಿತ್ತು. ಅದರಲ್ಲಿ ಅಡಗಿದ್ದು ಏನೂ ಇರಲಿಲ್ಲ. ಎಳೆ ಕಡಿದರೆ ಕಣ್ಣಿಗೆ ಕಾಣುತ್ತಿತ್ತು, ಕಂಡಲ್ಲಿ ಇನ್ನೊಂದು ಎಳೆಯನ್ನು ತೂರಿಸಿದರೆ ಸಾಕಾಗುತ್ತಿತ್ತು. ಈಗ ಅಂಗನವಾಡಿಗಳಲ್ಲಿ, ಅಂಗಡಿಗಳ ಬೆಂಚುಗಳ ಮೇಲೆ, ಮಂಡಿನೋವಿನ ಹಿರಿಯರ ಕಾಲ ಕೆಳಗೆ ಕಾಣಸಿಗುವ ಮೆತ್ತೆಚಾಪೆ ಹಾಗಲ್ಲ. ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಫೋಮ್ ಇಟ್ಟು, ನಾಲ್ಕೂ ಅಂಚುಗಳನ್ನು ಶಾಖದಿಂದ ಬೆಸೆದು ಮುಚ್ಚಿದ ವಸ್ತು ಅದು. ಸೂಜಿಯಿಲ್ಲ, ದಾರವಿಲ್ಲ. ಅದರ ಗುಣವೂ ದೋಷವೂ ಒಳಗೇ ಇರುತ್ತವೆ.

ಕುಂಬಳೆಯ ಆಸುಪಾಸಿನ ಒಂದು ಮನೆಯವರಿಗೆ ಈ ಸಂಗತಿ ನಷ್ಟದ ಮೂಲಕವೇ ಮನದಟ್ಟಾಯಿತು. ಆ ಮನೆಯ ಯಜಮಾನ ಹಿಂದೆ ಕೊಲ್ಲಿ ದೇಶದಲ್ಲಿ ದುಡಿದು ಊರಿಗೆ ಮರಳಿದವರು. ಅವರ ಪತ್ನಿ ಹೊಲಿಗೆ ಬಲ್ಲವರು. ಅಡಿಕೆ ಒಣಗಿಸುವ ಅಂಗಳದ ಬದಿಯ ಕೊಟ್ಟಿಗೆಯನ್ನು ಗಾರೆ ಹಾಕಿ ಸರಿಪಡಿಸಿ, ಸಾಲ ಮಾಡಿ ಕೊಂಡ ಒಂದು ಬೆಸುಗೆ ಯಂತ್ರವನ್ನು ಅಲ್ಲಿ ನಿಲ್ಲಿಸಿದರು. ಹತ್ತನೆಯ ತರಗತಿಯ ಮಗಳು ಸಮೀಪದ ಕನ್ನಡ ಮಾಧ್ಯಮ ಶಾಲೆಗೆ ಹೋಗುತ್ತಾಳೆ. ಮುಂದಿನ ಜೂನ್ ತಿಂಗಳಲ್ಲಿ ಮಗ ಒಂದನೆಯ ತರಗತಿಗೆ ಸೇರಬೇಕು. ಅವನನ್ನು ಅಕ್ಕನ ಶಾಲೆಗೆ ಕಳುಹಿಸುವುದೋ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುವುದೋ ಎಂಬ ಪ್ರಶ್ನೆ ಆ ಮನೆಯಲ್ಲಿ ಆಗಲೇ ಇತ್ತು. ಇಂಗ್ಲಿಷ್ ಶಾಲೆಯ ಅರ್ಜಿ ನಮೂನೆಯೊಂದು ಮೇಜಿನ ಡ್ರಾಯರಿನಲ್ಲಿ ಸಾಲದ ಕಾಗದಗಳ ಜೊತೆಗೇ ಬಿದ್ದಿತ್ತು.

ಮೊದಲ ದೊಡ್ಡ ಬೇಡಿಕೆ ನಲವತ್ತು ಚಾಪೆಗಳದು. ಮಕ್ಕಳು ಕುಳಿತುಕೊಳ್ಳುವ, ನಲವತ್ತು ಸೆಂಟಿಮೀಟರ್ ಉದ್ದಗಲದ, ಎರಡೂವರೆ ಸೆಂಟಿಮೀಟರ್ ದಪ್ಪದ ಚೌಕಗಳು. ಕೊಟ್ಟು ಹದಿನೈದು ದಿನ ಕಳೆಯುವುದರೊಳಗೆ ಹನ್ನೊಂದು ಚಾಪೆಗಳು ಮರಳಿ ಬಂದವು. ಎಲ್ಲವುಗಳ ಮೂಲೆ ಬಾಯಿ ಬಿಟ್ಟಿತ್ತು. ಕೆಲವುಗಳೊಳಗೆ ನೀರು ಹೋಗಿ ಫೋಮ್ ಹುಳಿ ವಾಸನೆ ಹೊಡೆಯುತ್ತಿತ್ತು.

ತಾಯಿ ಮೊದಲು ಮಾಡಿದ್ದು ಯಾರಿಗೂ ಹೊಳೆಯುವ ಉಪಾಯವನ್ನೇ. ಬೆಸುಗೆ ದುರ್ಬಲವೆಂದು ತಿಳಿದು ಯಂತ್ರದ ಶಾಖವನ್ನು ಏರಿಸಿದರು. ಆಗ ಬೆಸುಗೆಯ ಗೆರೆ ಕಾಗದದಂತೆ ತೆಳುವಾಯಿತು, ಎರಡು ಕಡೆ ಕಿಡಿ ಹಾರಿ ಹಾಳೆ ತೂತಾಯಿತು. ಯಂತ್ರದ ಜೊತೆಗೆ ಬಂದ ಪುಸ್ತಿಕೆ ಇಂಗ್ಲಿಷಿನಲ್ಲಿತ್ತು. ಮಾರಿದವರು ಫೋನಿನಲ್ಲಿ ಹಿಂದಿಯಲ್ಲಿ ಹೇಳಿದ್ದು ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಪೇಟೆಯ ಫೋಮ್ ವ್ಯಾಪಾರಿಯ ಮಲೆಯಾಳದ ಮಾತು ಪೂರ್ತಿಯಾಗಿ ತಿಳಿಯಿತು. ಆದರೆ ಅವರು ಹೇಳಿದ್ದು, ದೋಷ ತಮ್ಮ ಸರಕಿನದಲ್ಲ ಎಂಬುದಷ್ಟನ್ನೇ.

ಈ ಚಾಪೆಯ ಗುಟ್ಟನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡಬೇಕು. ಮೆತ್ತೆಯೆಂದರೆ ಬೂರುಗದ ಹತ್ತಿ ಎಂಬ ಕಾಲವೊಂದಿತ್ತು. 1929ರ ಸುಮಾರಿಗೆ ಇಂಗ್ಲೆಂಡಿನ ಡನ್‌ಲಪ್ ಕಂಪನಿಯಲ್ಲಿ ರಬ್ಬರ್ ಹಾಲನ್ನು ಕಡೆದು ನೊರೆಯೆಬ್ಬಿಸಿ, ಆ ನೊರೆಯನ್ನೇ ಗಟ್ಟಿಗೊಳಿಸುವ ವಿಧಾನ ರೂಪುಗೊಂಡಿತು. ನಮ್ಮ ಕಡೆಯ ಹಿರಿಯರು ಇಂದಿಗೂ ಮೆತ್ತನೆಯ ಹಾಸಿಗೆಯನ್ನೆಲ್ಲ ‘ಡನ್‌ಲಪ್’ ಎಂದು ಕರೆಯುವುದು ಅದೇ ಹೆಸರಿನಿಂದ. 1937ರಲ್ಲಿ ಜರ್ಮನಿಯ ಒಟ್ಟೊ ಬೇಯರ್ ಮತ್ತು ಅವರ ಸಂಗಡಿಗರು ಪಾಲಿಯುರೆಥೇನ್ ರಸಾಯನವನ್ನು ಕಂಡುಹಿಡಿದ ಮೇಲೆ ರಬ್ಬರ್ ತೋಟದ ಹಂಗಿಲ್ಲದ ಫೋಮ್‌ಗೆ ದಾರಿ ತೆರೆಯಿತು. ಎರಡು ದ್ರವಗಳು ಸೇರುವಾಗ ಅವುಗಳಲ್ಲೊಂದು ನೀರಿನೊಂದಿಗೆ ವರ್ತಿಸಿ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಆ ಅನಿಲದ ಗುಳ್ಳೆಗಳಿಂದ ಹಿಟ್ಟು ಹುದುಗಿ ಉಬ್ಬುವಂತೆ ರಾಶಿ ಉಬ್ಬಿ, ಹಾಗೆಯೇ ಗಟ್ಟಿಯಾಗುತ್ತದೆ. ದೋಸೆಹಿಟ್ಟು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಹೀಗೆ ಗಟ್ಟಿಯಾದ ಫೋಮ್ ಮತ್ತೆ ಕರಗುವುದಿಲ್ಲ. ಅದರ ಅಣುಸರಪಳಿಗಳು ಒಂದಕ್ಕೊಂದು ಅಡ್ಡಗಂಟು ಹಾಕಿಕೊಂಡಿರುತ್ತವೆ. ಅತಿಯಾಗಿ ಕಾಯಿಸಿದರೆ ಕೊಳೆತಂತಾಗಿ ಸುಡುತ್ತದೆಯೇ ಹೊರತು ನೀರಾಗಿ ಹರಿದು ಮತ್ತೆ ಹೆಪ್ಪುಗಟ್ಟುವುದಿಲ್ಲ. ಹೊದಿಕೆಯ ಪಿವಿಸಿ ಹಾಳೆಯ ಸ್ವಭಾವ ಬೇರೆ. ಕಾದರೆ ಮೆತ್ತಗಾಗುತ್ತದೆ, ಒತ್ತಿದರೆ ಪಕ್ಕದ ಹಾಳೆಯೊಡನೆ ಬೆರೆಯುತ್ತದೆ, ಆರಿದರೆ ಎರಡೂ ಒಂದಾಗಿ ಉಳಿಯುತ್ತವೆ. ಪ್ರೌಢಶಾಲೆಯ ವಿಜ್ಞಾನದಲ್ಲಿ ಥರ್ಮೋಸೆಟ್ಟಿಂಗ್, ಥರ್ಮೋಪ್ಲಾಸ್ಟಿಕ್ ಎಂದು ಮಕ್ಕಳು ಕಲಿಯುವುದು ಈ ಭೇದವನ್ನೇ. ಕರಗುವ ಹೊದಿಕೆ, ಕರಗದ ಒಡಲು: ಇವೆರಡೂ ಇರುವುದರಿಂದಲೇ ಈ ಚಾಪೆ ಸಾಧ್ಯ. ಇದರಿಂದಲೇ ಇನ್ನೊಂದು ಎಚ್ಚರವೂ ಹುಟ್ಟುತ್ತದೆ. ಬೆಸುಗೆಯ ಗೆರೆಯೊಳಗೆ ಫೋಮಿನ ಒಂದು ಚೂರು ಸಿಕ್ಕಿಬಿದ್ದರೂ ಅದು ಕರಗದೆ ಉಳಿದು, ಅಲ್ಲಿ ಹಾಳೆಗಳು ಒಂದಾಗದಂತೆ ತಡೆಯುತ್ತದೆ. ಎಣ್ಣೆಗೈಯ ಗುರುತೂ, ಧೂಳೂ ಅದೇ ತೊಂದರೆಯನ್ನು ತರುತ್ತವೆ.

ಪಿವಿಸಿಯನ್ನು ಬೆಸೆಯುವ ಯಂತ್ರ ಇಸ್ತ್ರಿಪೆಟ್ಟಿಗೆಯಂತೆ ಹೊರಗಿನಿಂದ ಸುಡುವುದಿಲ್ಲ. ಹಿತ್ತಾಳೆಯ ಅಚ್ಚು ಹಾಳೆಗಳನ್ನು ಒತ್ತಿ ಹಿಡಿದಾಗ ಸೆಕೆಂಡಿಗೆ 2 ಕೋಟಿ 71 ಲಕ್ಷ 20 ಸಾವಿರ ಬಾರಿ ಅತ್ತಿಂದಿತ್ತ ಆಂದೋಲಿಸುವ ವಿದ್ಯುತ್ ಕ್ಷೇತ್ರ ಅವುಗಳ ಮೂಲಕ ಹಾಯುತ್ತದೆ. ಪಿವಿಸಿಯ ಅಣುಗಳ ಒಂದು ತುದಿ ಕೊಂಚ ಧನ, ಇನ್ನೊಂದು ಕೊಂಚ ಋಣ. ಕ್ಷೇತ್ರ ತಿರುಗಿದಂತೆಲ್ಲ ಅವೂ ತಿರುಗಲು ಹೆಣಗಿ ಒಳಗಿನಿಂದಲೇ ಬಿಸಿಯಾಗುತ್ತವೆ. ಪಾಲಿಥೀನಿನಲ್ಲಿ ಇಂತಹ ಧನ ಋಣಗಳ ಭೇದ ಇಲ್ಲ. ಆದ್ದರಿಂದ ಅದನ್ನು ಈ ಯಂತ್ರಕ್ಕೆ ಕೊಟ್ಟರೆ ಬಿಸಿಯೇ ಆಗುವುದಿಲ್ಲ. ಅದಕ್ಕೆ ಕಾದ ಪಟ್ಟಿಯ ಯಂತ್ರವೇ ಬೇಕು. ಶಾಖ, ಒತ್ತಡ, ಸಮಯ ಈ ಮೂರೂ ಹದವಾಗಿರಬೇಕು. ವಿದ್ಯುತ್ ನಿಂತ ಮೇಲೂ ಹಾಳೆ ಆರುವವರೆಗೆ ಅಚ್ಚಿನ ಒತ್ತಡವನ್ನು ಬಿಡಬಾರದು. ಬೆಸುಗೆ ಸರಿಯಾಗಿದೆಯೇ ಎಂದು ತಿಳಿಯುವ ಸುಲಭ ಪರೀಕ್ಷೆಯೊಂದಿದೆ. ಚೂರೊಂದನ್ನು ಕತ್ತರಿಸಿ ಎರಡು ಹಾಳೆಗಳನ್ನು ಎಳೆದಾಗ ಗೆರೆಯ ಪಕ್ಕದ ಹಾಳೆ ಹರಿಯಬೇಕು, ಗೆರೆ ಬಿಚ್ಚಿಕೊಳ್ಳಬಾರದು.

ಮರಳಿ ಬಂದ ಚಾಪೆಗಳಲ್ಲಿ ಈ ಪರೀಕ್ಷೆ ಮಾಡಿದಾಗ ಬೆಸುಗೆ ಗಟ್ಟಿಯಾಗಿಯೇ ಇತ್ತು. ಮೂಲೆಗಳಲ್ಲಿ ಮಾತ್ರ ಫೋಮಿನ ತುದಿ ಗೆರೆಯೊಳಗೆ ನುಗ್ಗಿತ್ತು. ಹಾಗಿದ್ದರೂ, ಪುಟ್ಟ ಮಕ್ಕಳು ಕುಳಿತರೆ ಹದಿನೈದೇ ದಿನಗಳಲ್ಲಿ ಬಾಯಿ ಬಿಡುವಂತಹ ಬಲ ಎಲ್ಲಿಂದ ಬಂತು ಎಂಬುದು ತಿಳಿಯಲಿಲ್ಲ.

ಶನಿವಾರ ಸಂಜೆ ಮಗಳು ಒಂದು ಚಾಪೆಯನ್ನು ಬಾವಿಕಟ್ಟೆಯ ಬಳಿಯ ತೊಟ್ಟಿಯ ನೀರಿನಲ್ಲಿ ಮುಳುಗಿಸಿ ಎರಡೂ ಕೈಗಳಿಂದ ಒತ್ತಿದಳು. ಮೂಲೆಯಿಂದ ಗುಳ್ಳೆಗಳು ಸಾಲಾಗಿ ಎದ್ದವು.

“ಅಮ್ಮಾ, ಇದರೊಳಗಿನ ಗಾಳಿ ಹೋಗುವುದು ಎಲ್ಲಿಗೆ?”

“ಎಲ್ಲಿಗೂ ಹೋಗಬಾರದೆಂದೇ ಅಲ್ಲವಾ ಮುಚ್ಚಿದ್ದು?”

“ಹಾಗಾದರೆ ಮಗು ಧೊಪ್ಪನೆ ಕುಳಿತಾಗ ಅದು ಏನು ಮಾಡಬೇಕು?”

ಹಿಂದಿನ ವರ್ಷ ಕಲಿತ ಪಾಸ್ಕಲ್ ನಿಯಮವನ್ನು ಅವಳು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದಳು. ಮುಚ್ಚಿದ ಪಾತ್ರೆಯೊಳಗೆ ಒಂದೆಡೆ ಕೊಟ್ಟ ಒತ್ತಡ ಎಲ್ಲ ದಿಕ್ಕುಗಳಿಗೂ ಸಮನಾಗಿ ಹರಡುತ್ತದೆ. ಫೋಮಿನ ಕೋಶಗಳು ಒಂದಕ್ಕೊಂದು ತೆರೆದುಕೊಂಡಿರುವುದರಿಂದ ಅದರ ತುಂಬ ಗಾಳಿಯೇ ಇರುತ್ತದೆ. ಕುಳಿತ ಮಗುವಿನ ಭಾರ ನಡುವೆ ಬಿದ್ದರೂ ಗಾಳಿ ಅದನ್ನು ನಾಲ್ಕೂ ಅಂಚುಗಳಿಗೆ ಹಂಚುತ್ತದೆ, ಎಲ್ಲಿ ಬೆಸುಗೆ ಕೃಶವೋ ಅಲ್ಲಿ ಒಡೆಯುತ್ತದೆ. ಅವರು ಮಾಡಿದ್ದು ಚಾಪೆಯಾಗಿರಲಿಲ್ಲ, ಚಾಪೆಯ ಆಕಾರದ ಬಲೂನು ಆಗಿತ್ತು. ಮಗಳು ಇದನ್ನು ತಾಯಿಗೆ ಪುಸ್ತಕದ ಕನ್ನಡದಲ್ಲಿಯೇ ಹೇಳಿದಳು. ಹತ್ತನೆಯ ತರಗತಿಗೆ ಓದು ನಿಲ್ಲಿಸಿದ್ದ ತಾಯಿಗೆ ಅದು ಒಂದೇ ಸಲಕ್ಕೆ ಅರ್ಥವಾಯಿತು.

ಮುಂದಿನ ತಿದ್ದುಪಡಿಗಳು ಸಣ್ಣವು. ಕೆಳಹಾಳೆಯನ್ನು ಬೆಸೆಯುವ ಮೊದಲೇ ಅದರಲ್ಲಿ ಸಣ್ಣ ಜಾಲರಿಯಿರುವ ಎರಡು ಐಲೆಟ್‌ಗಳನ್ನು ಕೂರಿಸಿದರು. ಕುಳಿತಾಗ ಗಾಳಿ ಹೊರಗೆ, ಎದ್ದಾಗ ಒಳಗೆ. ಫೋಮನ್ನು ನಾಲ್ಕೂ ಕಡೆ ಅರ್ಧ ಸೆಂಟಿಮೀಟರ್ ಕಿರಿದಾಗಿಸಿ, ಮೂಲೆಗಳನ್ನು ದುಂಡಗೆ ಕತ್ತರಿಸಿದರು. ಕಾಸರಗೋಡಿನಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಆಷಾಢದ ಗಾಳಿಯಲ್ಲಿ ಫೋಮ್ ತೇವ ಹೀರಿಕೊಂಡಿದ್ದರೆ ಅದನ್ನು ಒಳಗಿಟ್ಟು ಮುಚ್ಚುವುದೆಂದರೆ ಬೂಷ್ಟನ್ನೇ ಒಳಗಿಟ್ಟು ಮುಚ್ಚಿದಂತೆ. ಅಡಿಕೆಗೆಂದು ಕಟ್ಟಿದ ಅಟ್ಟದ ಬೆಚ್ಚನೆಯ ಮೂಲೆ ಫೋಮಿಗೂ ಒದಗಿತು. ಕತ್ತರಿಸಿದ ಚೂರುಗಳನ್ನು ಹಿತ್ತಲಿನಲ್ಲಿ ಸುಡುವುದನ್ನೂ ನಿಲ್ಲಿಸಿದರು. ಫೋಮ್ ಸುಟ್ಟಾಗ ಬರುವ ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡ್ ಮಾತ್ರವಲ್ಲ, ಹೈಡ್ರೋಜನ್ ಸಯನೈಡ್ ಕೂಡ ಇರುತ್ತದೆ. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ. ಚೂರುಗಳನ್ನು ಅಂಟಿಸಿ ಹೊಸ ಹಲಗೆ ಮಾಡುವವರು ಕೊಳ್ಳುತ್ತಾರೆ ಎಂಬುದು ಆಮೇಲೆ ತಿಳಿಯಿತು.

ಇನ್ನೊಂದು ಸಂಗತಿ ತೂಕದಲ್ಲಿ ಹೊರಬಿತ್ತು. ಫೋಮನ್ನು ಅವರು ಕೊಳ್ಳುತ್ತಿದ್ದುದು ‘32 ಡೆನ್ಸಿಟಿ’ ಎಂಬ ಮಾತಿನ ಮೇಲೆ. ಒಂದು ಘನಮೀಟರಿಗೆ 32 ಕಿಲೋಗ್ರಾಂ ಎಂದು ಅದರ ಅರ್ಥ. ನಲವತ್ತು ಸೆಂಟಿಮೀಟರ್ ಚೌಕದ, ಎರಡೂವರೆ ಸೆಂಟಿಮೀಟರ್ ದಪ್ಪದ ತುಂಡಿನ ಗಾತ್ರ 0.004 ಘನಮೀಟರ್. ಗುಣಿಸಿದರೆ ತೂಕ 128 ಗ್ರಾಂ ಬರಬೇಕು. ಮಗಳು ಅಡುಗೆಮನೆಯ ತಕ್ಕಡಿಯಲ್ಲಿಟ್ಟಾಗ 92 ಗ್ರಾಂ ತೋರಿಸಿತು. ಅಂದರೆ ಬಂದಿದ್ದ ಸರಕು 23ರದು. ಕೈಯಿಂದ ಒತ್ತಿ ನೋಡಿದರೆ ಈ ವ್ಯತ್ಯಾಸ ತಿಳಿಯದು. ಸಾಂದ್ರತೆಯೂ ಗಡಸುತನವೂ ಬೇರೆ ಬೇರೆ. ಚಾಪೆಯ ಕೆಳಗೆ ನುಸುಳುವವರನ್ನು ಹಿಡಿಯಲು ರಂಗೋಲಿಯ ಕೆಳಗೆ ನುಸುಳಬೇಕಾಗಿಲ್ಲ, ಒಂದು ತಕ್ಕಡಿ ಮತ್ತು ಒಂದು ಗುಣಾಕಾರ ಸಾಕು. ತಂದೆ ಆ ಲೆಕ್ಕದ ಹಾಳೆಯನ್ನು ಹಿಡಿದು ಪೇಟೆಗೆ ಹೋಗಿ, ಮಲೆಯಾಳದಲ್ಲಿ ಓದಿ ಹೇಳಿ, ಸರಕನ್ನು ಬದಲಾಯಿಸಿಕೊಂಡು ಬಂದರು. ಅಂದಿನಿಂದ ಸರಕಿನ ಸಾಂದ್ರತೆ ಬಿಲ್ಲಿನಲ್ಲಿ ಬರೆದಿರಬೇಕೆಂದು ಕೇಳುವ ಅಭ್ಯಾಸವೂ ಬಂತು. ಬಾಯಿಮಾತಿಗಿಂತ ಬರಹಕ್ಕೆ ಬಲ ಹೆಚ್ಚು.

ಇಷ್ಟರಿಂದ ಕನ್ನಡ ಮಾಧ್ಯಮದಲ್ಲಿ ಓದಿದರೆ ಎಲ್ಲವೂ ದಕ್ಕುತ್ತದೆ ಎಂದು ಹೇಳಹೊರಟರೆ ಅದು ಪ್ರಾಮಾಣಿಕ ಮಾತಾಗದು. ಯಂತ್ರದ ಪುಸ್ತಿಕೆಯನ್ನು ಓದಲು ಇಂಗ್ಲಿಷ್ ಬೇಕೇ ಬೇಕು. ಪೇಟೆಯ ವ್ಯವಹಾರಕ್ಕೂ ಕಚೇರಿಯ ತಿಳುವಳಿಕೆ ಪತ್ರಕ್ಕೂ ಮಲೆಯಾಳ ಬೇಕು. 1956ರ ನವೆಂಬರ್ 1ರ ನಂತರ ಕಾಸರಗೋಡಿನ ಕನ್ನಡಿಗರು ಇದನ್ನು ದಿನನಿತ್ಯವೂ ಅರಿತೇ ಬದುಕಿದ್ದಾರೆ. ಅದೇ ವರ್ಷ ಸಂವಿಧಾನದ ಏಳನೆಯ ತಿದ್ದುಪಡಿಯಿಂದ ಬಂದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆನ್ನುತ್ತದೆ. ತನ್ನ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಬರೆದುಕೊಡುವ ಹಕ್ಕನ್ನು 350ನೆಯ ವಿಧಿ ಎಲ್ಲರಿಗೂ ಕೊಟ್ಟಿದೆ. ಹಕ್ಕು ಪುಸ್ತಕದಲ್ಲಿದೆ, ಅದನ್ನು ಬಳಸಲು ಶಾಲೆಯಲ್ಲಿ ಮಕ್ಕಳೂ ಬರೆಯುವ ಕೈಗಳೂ ಇರಬೇಕು.

ಆದರೆ ತಂದೆತಾಯಿಯರ ಭಯ ಕಾನೂನಿನದಲ್ಲ, ಅನ್ನದ್ದು. ಕನ್ನಡದಲ್ಲಿ ಕಲಿತ ವಿಜ್ಞಾನ ಶಾಲೆಯ ಗೇಟಿನಾಚೆ ಯಾವ ಕೆಲಸಕ್ಕೆ ಬಂದೀತು ಎಂಬುದು ಆ ಭಯ. ಈ ಕೊಟ್ಟಿಗೆಯ ಮಟ್ಟಿಗಾದರೂ ಅದಕ್ಕೊಂದು ಉತ್ತರ ಸಿಕ್ಕಿದೆ. ಮೂರು ಭಾಷೆಗಳಲ್ಲಿ ಸೂಚನೆಗಳು ಬಂದಿದ್ದವು, ಅವುಗಳಲ್ಲಿ ಯಾವುದೂ ಸುಳ್ಳಾಗಿರಲಿಲ್ಲ. ಗುಂಡಿ ಯಾವುದು, ಬೆಲೆ ಎಷ್ಟು ಎಂಬುದನ್ನು ಅವು ತಿಳಿಸಿದವು. ಮೂಲೆ ಯಾಕೆ ಒಡೆಯಿತು ಎಂಬುದನ್ನು ಕೇಳಿದ್ದೂ ತಿಳಿದದ್ದೂ ಮಾತ್ರ ಮನೆಯ ಮಾತಿನಲ್ಲಿ. ‘ಒತ್ತಡ’ ಎಂಬ ಪದ ಮಗಳಿಗೆ ಪಾಠದ್ದು, ತಾಯಿಗೆ ಅಡುಗೆಮನೆಯದು. ಎರಡೂ ಒಂದೇ ಪದವಾಗಿದ್ದುದರಿಂದ ವಿಷಯ ಒಬ್ಬರಿಂದ ಇನ್ನೊಬ್ಬರಿಗೆ ದಾಟಿತು.

ಈಗ ಆ ಕೊಟ್ಟಿಗೆಯ ಗೋಡೆಗೆ ಉದ್ದನೆಯ ಒಂದು ಪುಸ್ತಕ ತೂಗುಹಾಕಿದೆ. ತಾರೀಕು, ತೂಕ, ಶಾಖ, ಸಮಯ, ನೀರಿನ ಪರೀಕ್ಷೆ ಎಂದು ಕನ್ನಡದಲ್ಲಿ ಐದು ಕಾಲಂಗಳು. ಬೆಳಿಗ್ಗೆಯ ಮೊದಲ ಬೆಸುಗೆಯನ್ನು ಎಳೆದು ನೋಡದೆ ತಾಯಿ ಎರಡನೆಯದಕ್ಕೆ ಕೈಹಾಕುವುದಿಲ್ಲ. ಹನ್ನೊಂದು ಚಾಪೆಗಳನ್ನು ಬದಲಾಯಿಸಿ ಕೊಟ್ಟಾಗಿದೆ. ಸಾಲದ ಕಂತುಗಳು ಇನ್ನೂ ಉಳಿದಿವೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂದು ಅವರು ಹೊಸ ಅಚ್ಚಿನ ಯೋಚನೆಯನ್ನು ಮುಂದಿನ ವರ್ಷಕ್ಕೆ ದೂಡಿದ್ದಾರೆ.

ಡ್ರಾಯರಿನಲ್ಲಿ ಆ ಅರ್ಜಿ ನಮೂನೆ ಇನ್ನೂ ಇದೆ, ಯಾರೂ ಅದನ್ನು ಹರಿದಿಲ್ಲ, ತುಂಬಿಯೂ ಇಲ್ಲ. ಮೊನ್ನೆ ತಂದೆ ಸಾಲದ ರಶೀದಿ ಹುಡುಕುವಾಗ ಅದು ಕೈಗೆ ಸಿಕ್ಕಿತು. ಅದನ್ನು ಹಿಡಿದುಕೊಂಡೇ ಅವರು ಕೊಟ್ಟಿಗೆಯತ್ತ ನೋಡಿದರು. ಅಲ್ಲಿ ಮಗ ಅಕ್ಕನ ಪಕ್ಕದಲ್ಲಿ ಕುಳಿತು, ತಕ್ಕಡಿಯ ಮೇಲಿನ ಅಂಕಿಗಳನ್ನು ಒಂದೊಂದಾಗಿ ಓದುತ್ತಿದ್ದ. “ಒಂದು, ಎರಡು, ಎಂಟು.” ಅಕ್ಕ ತಿದ್ದಿದಳು: “ಹಾಗಲ್ಲ ಪುಟ್ಟಾ, ನೂರ ಇಪ್ಪತ್ತೆಂಟು.” ತಂದೆ ನಮೂನೆಯನ್ನು ಮೊದಲಿದ್ದ ಜಾಗದಲ್ಲಿಯೇ ಇಟ್ಟು ಡ್ರಾಯರನ್ನು ಮುಚ್ಚಿದರು.